ಒಂದು ಬೋರಲು, ಒಂದು ಅಂಗಾತ

ಅಲ್ಲ, ಬೋರಲು ಇದ್ದದ್ದು ಇದೇ ತಾನೆ? ಬೋರಲು ಇದ್ದದ್ದನ್ನೇ ಎತ್ತಿಕೊಂಡದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ತಾನು ಬೋರಲು ಇಟ್ಟದ್ದು ಇದನ್ನೇ ಹೌದೇ?

ಈ ಪ್ರಶ್ನೆ ಹುಟ್ಟುವ ಹೊತ್ತಿಗೆ ಗರಗಸ ಕ್ಯಾಮೆರಾದ ಅರ್ಧದವರೆಗೆ ಇಳಿದಾಗಿತ್ತು. ಅವನ ಅನುಮಾನಗಳೇ ಹಾಗೆ. ಬಸ್ಸು ಹೊರಟುಹೋದ ಮೇಲೆ ನಿಲ್ದಾಣಕ್ಕೆ ಓಡಿಬರುವವರಂತೆ ಏದುಸಿರು ಬಿಡುತ್ತ ಬರುತ್ತಿದ್ದವು. ಅವನು ಗರಗಸವನ್ನು ಹಾಗೇ ಹಿಡಿದುಕೊಂಡು, ಮೇಜಿನ ಆ ಬದಿಗೆ ಅಂಗಾತ ಮಲಗಿದ್ದ ಇನ್ನೊಂದು ಕ್ಯಾಮೆರಾವನ್ನು ನೋಡಿದ. ಅದೂ ಇದರ ಹಾಗೆಯೇ ಇತ್ತು. ಒಂದೇ ಕಾರ್ಖಾನೆಯ, ಒಂದೇ ಮಾದರಿಯ, ಚರ್ಮ ಸುಲಿದು, ಲೆನ್ಸ್ ಬಿಚ್ಚಿ, ತಲೆಯ ತಗಡು ತೆಗೆದ ಎರಡು ಬೋಳು ಒಡಲುಗಳು. ಹೆತ್ತ ಕಾರ್ಖಾನೆಯವರೇ ಬಂದು ನೋಡಿದರೂ ತಲೆ ಕೆರೆದುಕೊಳ್ಳುವಷ್ಟು ಅವಳಿ-ಜವಳಿ.

ನಿಲ್ಲಿಸಿಬಿಡಬಹುದಿತ್ತು. ಆದರೆ ಅರ್ಧ ಕೊಯ್ದ ಕ್ಯಾಮೆರಾವನ್ನು ಅಲ್ಲಿಗೇ ಬಿಟ್ಟರೆ ಅದೇನು ಕೊಯ್ಯದ ಕ್ಯಾಮೆರಾ ಆಗುತ್ತದೆಯೇ? ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಉಳಿದರ್ಧವನ್ನೂ ಕೊಯ್ದು ಮುಗಿಸಿದ.

ಅವನ ಕಸುಬು ಕಟ್ ಸೆಕ್ಷನ್ ಮಾಡುವುದು. ಫಿಲ್ಮ್ ಹಾಕುವ ಹಳೆಯ ಕ್ಯಾಮೆರಾಗಳು ಕೆಟ್ಟು ಮೂಲೆ ಸೇರಿದ ಮೇಲೆ ಅವನ ಬಳಿ ಬರುತ್ತಿದ್ದವು. ಅವನು ಅವನ್ನು ಬಿಚ್ಚಿ, ತೊಳೆದು, ಹಲ್ಲುಚಕ್ರ ಸ್ಪ್ರಿಂಗುಗಳು ಅಲ್ಲಾಡದಂತೆ ಒಳಗೆಲ್ಲ ಕರಗಿದ ಮೇಣ ಸುರಿದು, ಮೇಣ ಗಟ್ಟಿಯಾದ ಮೇಲೆ ಎದುರಿನ ಒಂದು ಮೂಲೆಯನ್ನು ಕೊಯ್ದು ತೆಗೆಯುತ್ತಿದ್ದ. ಆಮೇಲೆ ಮೇಣ ಕರಗಿಸಿ ಹರಿಸಿದರೆ ಕ್ಯಾಮೆರಾದ ಒಳಸಂಸಾರವೆಲ್ಲ ಬಯಲಾಗುತ್ತಿತ್ತು. ಬೆಳಕು ಬರುವ ದಾರಿಗೆ ಹಳದಿ ಬಣ್ಣ, ತೆರೆದು ಮುಚ್ಚುವ ಪರದೆಗೆ ಕೆಂಪು, ಫಿಲ್ಮ್ ಓಡುವ ಹಾದಿಗೆ ನೀಲಿ ಬಳಿದು, ಮರದ ಪೀಠದ ಮೇಲೆ ಕೂರಿಸಿ ಕಾಲೇಜುಗಳಿಗೂ ವಸ್ತುಸಂಗ್ರಹಾಲಯಗಳಿಗೂ ಕೊಡುತ್ತಿದ್ದ. ಕ್ಯಾಮೆರಾಗಳ ಹೊಟ್ಟೆಯಲ್ಲಿ ಏನಿದೆಯೆಂದು ಊರಿಗೆಲ್ಲ ಬಿಚ್ಚಿ ತೋರಿಸುವ ಈ ಮನುಷ್ಯ ತನ್ನ ಹೊಟ್ಟೆಯಲ್ಲಿ ಏನಿದೆಯೆಂದು ಮಾತ್ರ ಹೆಂಡತಿಗೂ ಹೇಳುತ್ತಿರಲಿಲ್ಲ. ಸಾರು ಹೇಗಿದೆ ಎಂದು ಕೇಳಿದರೆ, ಕೇಳಿದವರು ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ 'ಪರವಾಗಿಲ್ಲ' ಎನ್ನುವ ಜಾತಿ.

ಅವನದೊಂದು ಪದ್ಧತಿಯಿತ್ತು. ಕೊಯ್ಯಬೇಕಾದ ಕ್ಯಾಮೆರಾವನ್ನು ಮೇಜಿನ ಮೇಲೆ ಬೋರಲು ಇಡುತ್ತಿದ್ದ, ರಿಪೇರಿಯಾಗಬೇಕಾದದ್ದನ್ನು ಅಂಗಾತ. ಲೆನ್ಸ್ ಬಿಚ್ಚಿದ ಆ ದುಂಡು ಕಣ್ಣಿನ ಗೂಡು ಕೊಯ್ಯುವ ಮುಂಚೆ ತನ್ನನ್ನೇ ನೋಡುತ್ತಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಚೀಟಿ ಅಂಟಿಸಬಾರದೇ ಎಂದು ಹೆಂಡತಿ ಎಷ್ಟೋ ಸಲ ಹೇಳಿದ್ದಳು. ಸಾಯುವವರ ಹಣೆಗೆ ಚೀಟಿ ಅಂಟಿಸುವುದು ಅವನಿಗೆ ಸರಿಕಾಣಲಿಲ್ಲ. ಅದನ್ನೂ ಬಾಯಿಬಿಟ್ಟು ಹೇಳಿರಲಿಲ್ಲ.

ಈಗ ಅವನು ಮೇಣ ಕರಗಿಸಿದ. ಕೊಯ್ದ ತುಂಡು ಬಟ್ಟಲಿನ ಬಿಸಿನೀರಿನಲ್ಲಿ ಹೊರಳಿತು. ಮೇಣ ಬಿಟ್ಟುಕೊಂಡಂತೆ ಫಿಲ್ಮ್ ಸುತ್ತಿಕೊಳ್ಳುವ ಗೂಡಿನ ಒಳಗೋಡೆಯಲ್ಲಿ ಒಂದು ಗೀಚು ಕಾಣಿಸಿತು. ಮೊಳೆಯಿಂದ ಕೆತ್ತಿದ ಒಂದು ಪುಟ್ಟ ಬಾತುಕೋಳಿ.

ಅವನಿಗೆ ಕುರ್ಚಿ ಬೇಕಾಯಿತು. ಕುರ್ಚಿಯ ಮೇಲೆ ಬೇರೆ ಕ್ಯಾಮೆರಾಗಳಿದ್ದವು. ನೆಲದ ಮೇಲೇ ಕೂತ.

ಬಾತುಕೋಳಿ ಮಾವನದು.

ಮಾವ ನಿವೃತ್ತ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸೀಟಿ ಇಲ್ಲದಿದ್ದರೂ ಇದೆಯೆಂಬಂತೆಯೇ ಮಾತಾಡುವವರು. ಹೆಣ್ಣು ಕೇಳಲು ಹೋದ ದಿನ ಇವನ ಕಸುಬು ಏನೆಂದು ಕೇಳಿ ತಿಳಿದು, ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ಕೆಟ್ಟದ್ದನ್ನ ಸರಿಮಾಡೋರನ್ನ ನೋಡಿದ್ದೀನಿ, ಸರಿ ಇದ್ದದ್ದನ್ನ ಕೆಡಿಸೋರನ್ನೂ ನೋಡಿದ್ದೀನಿ. ಕೆಟ್ಟದ್ದನ್ನ ಇನ್ನೂ ಕೆಡಿಸಿ ಗಾಜಿನ ಪೆಟ್ಟಿಗೇಲಿ ಇಡೋರನ್ನ ಈಗಲೇ ನೋಡ್ತಿರೋದು" ಎಂದಿದ್ದರು. ಮಗಳು ಹಟ ಹಿಡಿದದ್ದರಿಂದ ಮದುವೆಯಾಯಿತು. ಆದರೆ ಬೆನ್ನ ಹಿಂದೆ ಅವನ ಹೆಸರು 'ಕಟುಕ' ಎಂದೇ ಉಳಿಯಿತು. "ಕಟುಕ ಬಂದ್ನಾ? ಊಟ ಹಾಕಿ." ಹಾಲಿನಲ್ಲಿದ್ದ ಅವರ ಕ್ಯಾಮೆರಾ ಇವನು ಬಂದ ಕೂಡಲೇ ಒಳಗಿನ ಕೋಣೆಗೆ ಹೋಗುತ್ತಿತ್ತು, ಬೆಕ್ಕು ಬಂದಾಗ ಹಾಲು ಹೋಗುವ ಹಾಗೆ.

ಅಂಥ ಮಾವ ಹೋದ ವಾರ ತಾವಾಗಿ ಕಾರ್ಯಾಗಾರದ ಮೆಟ್ಟಿಲು ಹತ್ತಿ ಬಂದಿದ್ದರು. ಟವೆಲ್ಲಿನಲ್ಲಿ ಸುತ್ತಿದ ಕ್ಯಾಮೆರಾವನ್ನು ಕೂಸಿನ ಹಾಗೆ ಎದೆಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತಿದ್ದರು.

"ಸೆಲ್ಫ್ ಟೈಮರ್ ಕೂತ್ಬಿಟ್ಟಿದೆ, ಅಳಿಯಂದ್ರೇ. ಅದರ ಸನ್ನೆಕಡ್ಡಿ ತಿರುಗಿಸಿದ್ರೆ ಉಸಿರೇ ಇಲ್ಲ. ಭಾನುವಾರ ಫೋಟೋ ಇದೆ. ಬೇರೆ ಯಾರ ಹತ್ರನಾದ್ರೂ ಹೋಗ್ತಿದ್ದೆ. ಆದ್ರೆ ರಿಪೇರಿಯವರೆಲ್ಲ ಅಂಗಡಿ ಮುಚ್ಚಿದ್ದಾರೆ, ಇಲ್ಲ ಕಣ್ಣು ಮುಚ್ಚಿದ್ದಾರೆ."

"ನೋಡ್ತೀನಿ ಮಾವ."

"ಒಳಗೆ ಗುರುತು ಹಾಕಿದ್ದೀನಿ, ಸೀಟಿದು. ರಿಪೇರಿಯವರು ಬದಲಾಯಿಸಿಬಿಡ್ತಾರಲ್ಲ, ಅದಕ್ಕೆ." ಆಮೇಲೆ ಟವೆಲ್ಲನ್ನು ಬಿಚ್ಚುವ ಮುಂಚೆ ಇನ್ನೊಮ್ಮೆ ಯೋಚಿಸಿ, "ಕೈ ಹಾಕಿ. ಗರಗಸ ಹಾಕಬೇಡಿ" ಎಂದು ಹೇಳಿ ಮೇಜಿನ ಮೇಲಿಟ್ಟಿದ್ದರು.

ಅವರು ಕೆತ್ತಿದ್ದು ಸೀಟಿ. ನೋಡುವವರ ಕಣ್ಣಿಗೆ ಅದು ಬಾತುಕೋಳಿ. ಮನೆಯಲ್ಲಿ ಎಲ್ಲರಿಗೂ ಅದು ಬಾತುಕೋಳಿಯೆಂದೇ ಗೊತ್ತಿತ್ತು, ಅವರೊಬ್ಬರನ್ನು ಬಿಟ್ಟು.

ಆ ಕ್ಯಾಮೆರಾಕ್ಕೆ ಉಸಿರು ಕೊಡುವುದು ಅವನಿಗೆ ಬರೀ ರಿಪೇರಿಯಾಗಿರಲಿಲ್ಲ. ಇಷ್ಟು ವರ್ಷಗಳಲ್ಲಿ ಮಾವ ಅವನ ಕೈಗೆ ಕೊಟ್ಟ ಮೊದಲ ವಸ್ತು ಅದು, ಮಗಳನ್ನು ಬಿಟ್ಟರೆ. ಮಗಳನ್ನೂ ಅವರು ಕೊಟ್ಟದ್ದಲ್ಲ, ಅವಳೇ ಬಂದದ್ದು. ಅದೇ ಹೊತ್ತಿಗೆ ಕಾಲೇಜಿನ ಫಿಸಿಕ್ಸ್ ಲೆಕ್ಚರರ್ ಕಟ್ ಸೆಕ್ಷನ್ ಮಾಡಲು ಅದೇ ಮಾದರಿಯ ಒಂದು ಸತ್ತ ಕ್ಯಾಮೆರಾವನ್ನು ತಂದುಕೊಟ್ಟಿದ್ದರು. ಎರಡನ್ನೂ ಒಟ್ಟಿಗೇ ಬಿಚ್ಚಿ ತೊಳೆದರೆ ಕೆಲಸ ಹಗುರ ಎಂದು ಅವನು ಎಣಿಸಿದ. ಬುದ್ಧಿಗೆ ಏನೋ ಕವಿದಿತ್ತು.

"ಏನ್ರೀ, ನೆಲದ ಮೇಲೆ ಕೂತಿದ್ದೀರಲ್ಲ?" ಹೆಂಡತಿ ಕಾಫಿ ಹಿಡಿದು ಬಂದಳು.

ಅವನು ಕ್ಯಾಮೆರಾಗಳ ಕಡೆ ಕೈ ತೋರಿಸಿದ. "ಬೆಳಿಗ್ಗೆ ಈ ಮೇಜು ಮುಟ್ಟಿದ್ಯಾ?"

"ಒರೆಸಿದೆ. ಒಂದು ಬೆರಳು ಧೂಳಿತ್ತು. ಹೆದರಬೇಡಿ, ಹೇಗಿತ್ತೋ ಹಾಗೇ ಇಟ್ಟಿದ್ದೀನಿ. ಒಂದು ಬೋರಲು, ಒಂದು ಅಂಗಾತ."

"ಯಾವುದು ಬೋರಲು?"

"ಒಂದು."

"ಒಂದು ಅಂದ್ರೆ ಯಾವ ಒಂದು?"

"ಅಂಗಾತ ಇಲ್ಲದ್ದು." ಅವಳಿಗೆ ಗಂಡನ ಮುಖ ಹಿಡಿಸಲಿಲ್ಲ. ಬಟ್ಟಲಿನೊಳಗೆ ಇಣುಕಿದಳು. ಬಾತುಕೋಳಿ ನೀರಿನಲ್ಲಿ ಮುಳುಗಿ ಅವಳನ್ನೇ ನೋಡುತ್ತಿತ್ತು. ಕಾಫಿ ಲೋಟ ಕೈಯಲ್ಲೇ ನಿಂತಿತು.

"ಅಯ್ಯೋ ಅಪ್ಪಾ" ಎಂದಳು. ಅದು ಉದ್ಗಾರವೋ ಸಂಬೋಧನೆಯೋ ಹೇಳುವಂತಿರಲಿಲ್ಲ.

ಆಮೇಲೆ ಅವಳೇ ಸಾವರಿಸಿಕೊಂಡಳು. ಡ್ರಿಲ್ ಮೇಷ್ಟ್ರ ಮಗಳು. ಬಿದ್ದಲ್ಲೇ ಬಿದ್ದಿರುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. "ಮೇಲಿನ ತಗಡು, ಚರ್ಮ, ಲೆನ್ಸು, ಪಟ್ಟಿ? ಎಲ್ಲ ಬೇರೆ ಇದೆಯಲ್ಲ?"

"ಇದೆ. ನಿಮ್ಮಪ್ಪನದು ಅದೋ ಆ ಮುಚ್ಚಳದಲ್ಲಿ."

"ಕಾಲೇಜಿನದು ಒಳಗೆ ಸರಿ ಇದೆಯಾ?"

"ಇದೆ. ಲೆನ್ಸಿಗೆ ಬೂಷ್ಟು ಹಿಡಿದಿದೆ, ತಲೆ ನಜ್ಜಾಗಿದೆ. ಎದೆ ಗಟ್ಟಿ."

"ಮತ್ತೇನು ನೋಡ್ತಿದ್ದೀರ? ಅಪ್ಪನ ಅಂಗಿ ಅದಕ್ಕೆ ತೊಡಿಸಿ."

ಅವನಿಗೆ ಆ ಯೋಚನೆ ಬಂದಿರಲಿಲ್ಲವೆಂದಲ್ಲ. ಬಂದಿತ್ತು, ಬಂದು ಬಾಗಿಲಲ್ಲಿ ನಿಂತಿತ್ತು. ಒಳಗೆ ಬಾ ಎನ್ನುವ ಧೈರ್ಯ ಅವನಿಗಿರಲಿಲ್ಲ. ಈಗ ಹೆಂಡತಿಯೇ ಕರೆದು ಕೂರಿಸಿದಳು.

ಕೆಲಸ ಶುರುಮಾಡುವ ಮುನ್ನ ಕೊಯ್ದ ಒಡಲನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿದ. ಸೆಲ್ಫ್ ಟೈಮರಿನ ಪುಟ್ಟ ಯಂತ್ರ ಇಡಿಯಾಗಿ ಕಾಣುತ್ತಿತ್ತು. ಸನ್ನೆ ತಿರುಗಿಸಿ ಗುಂಡಿ ಒತ್ತಿದರೆ ಹಲ್ಲುಚಕ್ರಗಳು ಗುರ್ರೆಂದು ಓಡುತ್ತವೆ; ಅವು ಒಂದೇ ಉಸಿರಿಗೆ ಓಡಿ ಮುಗಿಸದಂತೆ ಒಂದು ಕೊಕ್ಕೆ ಹಲ್ಲಿಂದ ಹಲ್ಲಿಗೆ ತಡೆಯುತ್ತದೆ; ಫೋಟೋ ತೆಗೆಯುವವನು ಹೋಗಿ ಗುಂಪಿನಲ್ಲಿ ಕೂರುವಷ್ಟು ಹೊತ್ತು ಕೊಟ್ಟು ಆಮೇಲೆ ಪರದೆ ಬೀಳುತ್ತದೆ. ಆ ಕೊಕ್ಕೆಯನ್ನು ಒತ್ತಿ ಹಿಡಿಯಲು ಕೂದಲೆಳೆಯಂಥ ಸ್ಪ್ರಿಂಗ್ ಇರಬೇಕು. ಅಲ್ಲಿ ಸ್ಪ್ರಿಂಗ್ ಇರಲಿಲ್ಲ. ಅದರ ಜಾಗದಲ್ಲಿ ಕಪ್ಪಗಿನ ಒಂದು ತಂತಿ, ಅಂಕುಡೊಂಕು ಬಳುಕಿ, ತುದಿಯಲ್ಲಿ ಪುಟ್ಟ ಗುಂಡು ಮಣಿಯೊಂದಿಗೆ.

ಹೇರ್‌ಪಿನ್.

ಯಾರೋ ಕತ್ತರಿಸಿ, ಬಗ್ಗಿಸಿ, ದಾರ ಸುತ್ತಿ ಕೂರಿಸಿದ್ದರು. ಹಿಡಿತ ಸಡಿಲವಾಗಿತ್ತು. ಕೊಕ್ಕೆ ಹಲ್ಲು ಹಿಡಿಯುವ ಬದಲು ಜಾರುತ್ತಿತ್ತು. ಚಕ್ರ ನಡೆಯುವ ಬದಲು ನೆಗೆಯುತ್ತಿತ್ತು. ಈಗ ತುಕ್ಕು ಹಿಡಿದು ಕೂತಿತ್ತು, ಅಷ್ಟೆ.

ಅವನ ಕಣ್ಣ ಮುಂದೆ ಮಾವನ ಮನೆಯ ಹಾಲಿನ ಗೋಡೆ ಬಂತು. ಅಲ್ಲಿ ಸಾಲಾಗಿ ತೂಗುಹಾಕಿದ ಮನೆಯವರ ಫೋಟೋಗಳು. ವರ್ಷಕ್ಕೊಂದು, ಮಾವ-ಅತ್ತೆಯ ಮದುವೆಯ ದಿನ, ಅದೇ ಕ್ಯಾಮೆರಾದಲ್ಲಿ. ಎಲ್ಲದರಲ್ಲೂ ಅತ್ತೆ, ಮಕ್ಕಳು, ಆಮೇಲಾಮೇಲೆ ಸೊಸೆ ಅಳಿಯ ಮೊಮ್ಮಕ್ಕಳು, ಅಚ್ಚುಕಟ್ಟಾಗಿ ಕೂತು ಮುಂದೆ ನೋಡುತ್ತಿದ್ದರು. ಮಧ್ಯದ ಕುರ್ಚಿ ಮಾತ್ರ ಖಾಲಿ. ಮಾವ ಅದರ ಕಡೆ ಹೋಗುತ್ತಿರುತ್ತಿದ್ದರು. ಒಂದರಲ್ಲಿ ಅವರ ಬೆನ್ನು, ಒಂದರಲ್ಲಿ ಗಾಳಿಯಲ್ಲಿರುವ ಕಾಲು, ಒಂದರಲ್ಲಿ ಅರ್ಧ ತಿರುಗಿದ ತೆರೆದ ಬಾಯಿ. ಇನ್ನೊಂದರಲ್ಲಿ ಅವರು ಇಲ್ಲವೇ ಇಲ್ಲ, ಕುರ್ಚಿಯ ಹಿಂದಿನಿಂದ ಒಂದು ಕೈ ಮಾತ್ರ ಕಾಣುತ್ತಿತ್ತು, ಎಡವಿದ ವರ್ಷ.

ಊರಿನ ಮಕ್ಕಳನ್ನೆಲ್ಲ ಓಡಿಸಿದ ಡ್ರಿಲ್ ಮೇಷ್ಟ್ರಿಗೆ ತಮ್ಮ ಮನೆಯ ಕುರ್ಚಿ ಮುಟ್ಟಲು ಆಗುತ್ತಿರಲಿಲ್ಲ. ಕ್ಯಾಮೆರಾವನ್ನು ಅವರು ಒಂದು ದಿನವೂ ದೂರಿರಲಿಲ್ಲ. "ಕ್ಯಾಮೆರಾ ಗಡಿಯಾರದ ಹಾಗೆ ಇದೆ. ನನ್ನ ಕಾಲು ಬಿದ್ದುಹೋಗಿದೆ" ಎನ್ನುತ್ತಿದ್ದರು. ಮೂವತ್ತರ ಪ್ರಾಯದಲ್ಲೇ ಹಾಗೆ ಅನ್ನಲು ಶುರುಮಾಡಿದ್ದರಂತೆ. ಫೋಟೋ ದಿನ ಹತ್ತಿರ ಬಂದರೆ ಸಂಜೆ ಹೊತ್ತು ಹಾಲಿನಲ್ಲಿ ಓಡಿ ಅಭ್ಯಾಸ ಮಾಡುತ್ತಿದ್ದರು. ಅತ್ತೆ ಅವರ ಕುರ್ಚಿಯನ್ನು ಗುಟ್ಟಾಗಿ ಕ್ಯಾಮೆರಾದ ಹತ್ತಿರಕ್ಕೆ ಸರಿಸುತ್ತಿದ್ದರು. "ಯಜಮಾನ ಮಧ್ಯ ಕೂರಬೇಕು, ಇದೇನಿದು ಬಾಗಿಲು ಕಾಯೋನ ಹಾಗೆ" ಎಂದು ಮಾವ ಮತ್ತೆ ಅದನ್ನು ಮಧ್ಯಕ್ಕೆ ಎಳೆಯುತ್ತಿದ್ದರು.

ಇಷ್ಟಕ್ಕೆಲ್ಲ ಕಾರಣ ಒಂದು ಹೇರ್‌ಪಿನ್.

ಅದನ್ನು ತೆಗೆದು ಸರಿಯಾದ ಸ್ಪ್ರಿಂಗ್ ಕೂರಿಸಬಹುದಿತ್ತು. ಅವನ ಡಬ್ಬಿಯಲ್ಲಿ ಇತ್ತು ಕೂಡ. ಕೈ ಹೋಗಲಿಲ್ಲ. ಒಳಗಿರುವುದನ್ನು ಇರುವ ಹಾಗೆ ತೋರಿಸುವುದೇ ಕಟ್ ಸೆಕ್ಷನ್. ಅದರಲ್ಲೂ ಸುಳ್ಳು ಸೇರಿಸಿದರೆ ತನ್ನ ಬದುಕಿನಲ್ಲಿ ನಿಜ ಎನ್ನುವ ಜಾಗ ಇನ್ನೆಲ್ಲಿ ಉಳಿಯಿತು? ಹೇರ್‌ಪಿನ್ನಿಗೆ ಯಾವ ಬಣ್ಣವನ್ನೂ ಬಳಿಯದೆ ಹಾಗೇ ಬಿಟ್ಟ.

ಕಾಲೇಜಿನ ಒಡಲಿಗೆ ಮಾವನ ಕ್ಯಾಮೆರಾದ ತಗಡು, ಚರ್ಮ, ಲೆನ್ಸುಗಳನ್ನು ತೊಡಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಬಾತುಕೋಳಿ. ಒಳ್ಳೆಯ ಬಾತುಕೋಳಿಯನ್ನು ಯಾರೂ ಬರೆಯಬಹುದು. ಸೀಟಿ ಬರೆಯಹೋಗಿ ಆದ ಬಾತುಕೋಳಿಯನ್ನು ಬರೆಯಲು ಸೀಟಿಯ ಮೇಲೆ ಭಕ್ತಿ ಬೇಕು. ಅವನು ತಗಡಿನ ಚೂರುಗಳ ಮೇಲೆ ಅಭ್ಯಾಸ ಮಾಡಿದ. ಹೆಂಡತಿ ಪಕ್ಕದಲ್ಲಿ ಕೂತು ಪರೀಕ್ಷಕಿಯಾದಳು.

"ಇದು ಹಂಸ."

"ಇದು?"

"ಇದು ಬಾತುಕೋಳಿನೇ, ಆದ್ರೆ ಓದಿದ ಬಾತುಕೋಳಿ. ಅಪ್ಪನದು ಸ್ವಲ್ಪ ಒರಟು. ಕೊಕ್ಕು ಗಟ್ಟಿ ಇರ್ಲಿ, ಸಿಟ್ಟು ಬಂದ ಹಾಗೆ."

ಕೊನೆಗೆ ಅವಳು ಹ್ಞೂಂ ಎಂದ ಮೇಲೆ ಅವನು ಉಸಿರು ಬಿಗಿಹಿಡಿದು ಗೂಡಿನೊಳಗೆ ಕೆತ್ತಿದ. ಮೊದಲಿನ ಬಾತುಕೋಳಿ ಇದ್ದ ತುಂಡನ್ನು ಎಸೆಯಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡ.

ಭಾನುವಾರ ಮಾವ ಬಾಗಿಲಲ್ಲೇ ಕ್ಯಾಮೆರಾ ಇಸಿದುಕೊಂಡರು. ಕಾಲಿಗೆ ಹೊಸ ಕ್ಯಾನ್ವಾಸ್ ಬೂಟು. ಕ್ಯಾಮೆರಾವನ್ನು ತಿರುಗಿಸಿ ತಿರುಗಿಸಿ ನೋಡಿ, ಕಿವಿಗೆ ಹಿಡಿದು ಅಲ್ಲಾಡಿಸಿ, ಆಮೇಲೆ ಹಿಂಬಾಗಿಲು ತೆಗೆದು ಗೂಡಿನೊಳಗೆ ಕಣ್ಣಿಟ್ಟರು. ಅವನು ಚಪ್ಪಲಿ ಬಿಚ್ಚುವುದನ್ನು ಬಹಳ ಹೊತ್ತು ಮಾಡಿದ.

"ಸೀಟಿ ಸ್ವಲ್ಪ ದಪ್ಪ ಆಗಿದೆಯಲ್ಲ?" ಎಂದರು ಮಾವ.

ಯಾರೂ ಉಸಿರಾಡಲಿಲ್ಲ, ಅಂದರೆ ಅವನೂ ಅವನ ಹೆಂಡತಿಯೂ.

"ನೀವು ಆಗಿಲ್ವಾ?" ಅತ್ತೆ ಒಳಗಿನಿಂದಲೇ ಹೇಳಿದರು. "ಇಷ್ಟು ವರ್ಷದಲ್ಲಿ ಎಲ್ಲರೂ ಆಗಿದ್ದೀವಿ."

"ತೊಳೆದಾಗ ಕೊಳೆ ಹೋಗಿದೆ ಅಪ್ಪ, ಅದಕ್ಕೇ ಎದ್ದು ಕಾಣ್ತಿದೆ" ಎಂದಳು ಮಗಳು.

ಮಾವ ಹ್ಞೂಂಗುಟ್ಟಿ ಹಿಂಬಾಗಿಲು ಮುಚ್ಚಿದರು.

ಹಾಲಿನಲ್ಲಿ ಕುರ್ಚಿಗಳು ಸಾಲಾದವು. ಹೆಂಡತಿಯ ಅಣ್ಣ, ಅತ್ತಿಗೆ, ಅವರ ಇಬ್ಬರು ಹೆಣ್ಣುಮಕ್ಕಳು ತಮ್ಮತಮ್ಮ ಜಾಗ ಹಿಡಿದರು. ಅತ್ತೆ ರೂಢಿಯಂತೆ ಮಧ್ಯದ ಕುರ್ಚಿಯನ್ನು ಮುಂದಕ್ಕೆ ಸರಿಸಿದರು, ಮಾವ ರೂಢಿಯಂತೆ ಹಿಂದಕ್ಕೆ ಎಳೆದರು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಕೂತಿತು. ಮಾವ ಬೂಟಿನ ಲೇಸು ಬಿಗಿದು, ಒಂದೆರಡು ಸಲ ಮೊಣಕಾಲು ಎತ್ತಿಳಿಸಿದರು.

"ಯಾರೂ ನನ್ನ ಕಡೆ ನೋಡಬೇಡಿ. ಕ್ಯಾಮೆರಾ ನೋಡಿ. ನಗಬೇಡಿ. ರೆಡಿ!"

ಸನ್ನೆ ತಿರುಗಿಸಿ ಗುಂಡಿ ಒತ್ತಿದ್ದೇ ಓಟ ಕಿತ್ತರು. ಮೊಮ್ಮಗಳ ಕಾಲು ದಾಟಿ, ಟೀಪಾಯಿ ಬಳಸಿ, ಗಿರಕ್ಕನೆ ತಿರುಗಿ, ಧಡ್ ಎಂದು ಕುರ್ಚಿಯಲ್ಲಿ ಬಿದ್ದರು. ಬಿದ್ದು ಮುಂದೆ ನೋಡಿದರು.

ಕ್ಯಾಮೆರಾ ಗುರ್ರೆನ್ನುತ್ತಿತ್ತು.

ಅಂಗಿ ಸರಿಮಾಡಿಕೊಂಡರು. ಗುರ್ರೆನ್ನುತ್ತಲೇ ಇತ್ತು. ಕೂದಲು ತೀಡಿಕೊಂಡರು. ಆ ಮನೆಯಲ್ಲಿ ಇಂಥ ಹೊತ್ತು ಯಾವತ್ತೂ ಬಂದಿರಲಿಲ್ಲ. ಎಲ್ಲರೂ ಇದ್ದಾರೆ, ಎಲ್ಲರೂ ಕೂತಿದ್ದಾರೆ, ಏನು ಮಾಡಬೇಕೆಂದು ಯಾರಿಗೂ ತಿಳಿಯದು. ಫೋಟೋ ಅಂದರೆ ಮಾವ ಓಡುವುದು ಎಂದೇ ತಿಳಿದಿದ್ದ ಕಿರಿಯ ಮೊಮ್ಮಗಳು ತಿರುಗಿ, "ತಾತ, ನೀವ್ಯಾಕೆ ಇಲ್ಲಿದ್ದೀರಾ?" ಎಂದಳು.

"ಇದೇನಾಯ್ತು ಇದಕ್ಕೆ?" ಮಾವ ಅನುಮಾನದಿಂದ ಅಳಿಯನ ಕಡೆ ನೋಡಿದರು. "ಏನ್ ಮಾಡಿದ್ರಿ ನೀವು?" ಎನ್ನುತ್ತ ನೋಡಲು ಎದ್ದರು.

ಕ್ಲಿಕ್.

ಮಾವ ಅರ್ಧ ಎದ್ದು, ಕೈ ಮುಂದೆ ಚಾಚಿ, ಹಾಗೇ ನಿಂತಿದ್ದರು. ಗೋಡೆಗೆ ಇನ್ನೊಂದು ಅಂಥದೇ ಫೋಟೋ ಸೇರಿತ್ತು.

"ಟೈಮರ್ ನಿಧಾನ ಆಗಿದೆ" ಎಂದರು. ದನಿಯಲ್ಲಿ ಸೀಟಿಯಿತ್ತು. "ಇಷ್ಟು ವರ್ಷ ಗಡಿಯಾರದ ಹಾಗಿತ್ತು. ಅಳಿಯಂದ್ರೇ, ಒಳಗೆ ಏನೋ ಬದಲಾಗಿದೆ. ಏನ್ ಬದಲಾಯಿಸಿದ್ರಿ?"

ಅವನ ಬಾಯಿ ತೆರೆಯಿತು. ಅಂಥ ಹೊತ್ತಿನಲ್ಲಿ ಅವನ ಬಾಯಿಗೆ ಬರುತ್ತಿದ್ದದ್ದು ನಿಜ ಮಾತ್ರ; ಸುಳ್ಳು ಕಟ್ಟಲು ಅವನಿಗೆ ಒಂದು ವಾರವಾದರೂ ಬೇಕು. ಎಲ್ಲವನ್ನೂ, ಎಲ್ಲ ಎಂದರೆ ಎಲ್ಲವನ್ನೂ ಹೇಳಲು ಅವನು ಗಂಟಲು ಸರಿಮಾಡಿಕೊಂಡ.

"ಕ್ಯಾಮೆರಾಕ್ಕೆ ಏನೂ ಆಗಿಲ್ಲ" ಎಂದರು ಅತ್ತೆ. ಕುರ್ಚಿಯಿಂದ ಅಲ್ಲಾಡಿರಲಿಲ್ಲ, ಕಣ್ಣು ಕ್ಯಾಮೆರಾದ ಮೇಲೇ ಇತ್ತು. "ನೀವು ಜೋರಾಗಿ ಓಡಿದ್ರಿ."

"ಏನಂದೆ?"

"ನಾನು ನೋಡ್ಲಿಲ್ವಾ? ಹಿಂದೆಲ್ಲ ಟೀಪಾಯಿ ಹತ್ರ ಒದ್ದಾಡ್ತಿದ್ರಿ. ಈ ಸಲ ಹಾರಿ ಬಂದ್ರಿ. ಬಂದು ಕೂತು ಅಂಗಿ ತೀಡಿ ತಲೆ ಬಾಚಿ ಆದ್ರೂ ಅದಿನ್ನೂ ಓಡ್ತಾನೇ ಇತ್ತು, ಪಾಪ."

ಮಾವ ತಮ್ಮ ಕಾಲನ್ನು ನೋಡಿಕೊಂಡರು. ಆಮೇಲೆ ಬೂಟನ್ನು. ಆಮೇಲೆ ಸ್ಟ್ಯಾಂಡಿನಿಂದ ಕುರ್ಚಿಯವರೆಗಿನ ನೆಲವನ್ನು, ತಾವೇ ಅದನ್ನು ದಾಟಿದ್ದೆಂದು ನಂಬಲಾಗದವರಂತೆ.

"ಹಾಗಂತೀಯಾ?" ಎಂದರು. ದನಿಯಲ್ಲಿ ಈಗ ಸೀಟಿಯಿರಲಿಲ್ಲ.

ಎರಡನೆಯ ಸಲ ಅತ್ತೆ ಅವರ ತೋಳನ್ನು ಹಿಡಿದು ಕೂರಿಸಿಕೊಂಡರು. ಕ್ಯಾಮೆರಾ ಗುರ್ರೆಂದು ಮುಗಿಸುವವರೆಗೂ ಬಿಡಲಿಲ್ಲ. ಆ ಫೋಟೋದಲ್ಲಿ ಮಾವ ಇದ್ದಾರೆ; ಎರಡು ಕಾಲೂ ನೆಲದ ಮೇಲಿವೆ; ಮುಖದಲ್ಲಿ, ಓಟದಲ್ಲಿ ಮೊದಲು ಬಂದು ಹೆಸರು ಕರೆಯುವುದನ್ನೇ ಕಾಯುತ್ತಿರುವ ಹುಡುಗನ ಕಳೆಯಿದೆ.

ಆಮೇಲೆ ಅಡುಗೆಮನೆಯಲ್ಲಿ ಅತ್ತೆ ಲೋಟ ತೊಳೆಯುತ್ತಿದ್ದರು. ಅವನು ನೀರು ಕುಡಿಯಲು ಹೋದ. ಅತ್ತೆ ನಲ್ಲಿಯನ್ನು ಸ್ವಲ್ಪ ಜೋರಾಗಿ ತಿರುಗಿಸಿದರು, ಹೊರಗೆ ಕೇಳದ ಹಾಗೆ.

"ಅಳಿಯಂದ್ರೇ, ಒಳಗೆ ಏನಾದ್ರೂ ಸಿಕ್ತಾ?"

"ಏನು ಅತ್ತೆ?"

"ಏನಿಲ್ಲ. ಕಪ್ಪಗೆ, ಸಣ್ಣಗೆ... ತಲೆಗೆ ಸಿಕ್ಕಿಸ್ಕೊಳ್ಳೋದು."

ಅವನು ಲೋಟವನ್ನು ಕೆಳಗಿಟ್ಟ. ಅತ್ತೆ ತಿರುಗಿ ನೋಡದೆ ಹೇಳುತ್ತ ಹೋದರು. ಮದುವೆಯಾದ ಹೊಸತು, ಧೂಳು ಹೊಡೆಯುವಾಗ ಕ್ಯಾಮೆರಾ ಕೈಜಾರಿ ಬಿತ್ತು. ಸನ್ನೆ ತಿರುಗಿಸಿದರೆ ಒಳಗೆ ಏನೋ ಟಿಣ್ ಎಂದಿತು. ಗಂಡ ಶಾಲೆಯ ಆಟೋಟಕ್ಕೆ ಪರವೂರಿಗೆ ಹೋಗಿದ್ದರು. ಹೊಲಿಗೆ ಮೆಷಿನ್ನಿನ ಸ್ಕ್ರೂಡ್ರೈವರಿನಿಂದ ಅತ್ತೆಯೇ ಮುಂದಿನ ತಗಡು ಬಿಚ್ಚಿದರು. ಮುರಿದದ್ದು ಸ್ಪ್ರಿಂಗ್. ತಲೆಯಲ್ಲಿ ಕೈಗೆ ಸಿಕ್ಕಿದ್ದು ಪಿನ್ನು.

"ಗುರ್ ಅಂತ ಓಡ್ತು. ಸಾಕು ಅಂದ್ಕೊಂಡೆ. ಫೋಟೋ ತೊಳೆದು ಬಂದ ದಿನ ಗೊತ್ತಾಯ್ತು, ಅದು ಸ್ವಲ್ಪ ಅವಸರದ ಗುರ್ ಅಂತ." ನಗು ತಡೆಯಲು ತುಟಿ ಕಚ್ಚಿಕೊಂಡರು. "ಆ ವರ್ಷವೇ ಹೇಳೋಣ ಅಂತಿದ್ದೆ. ಇವರು 'ನನ್ನ ಕಾಲೇ ಸರಿಯಿಲ್ಲ' ಅಂದ್ರು. ಹೇಗೆ ಹೇಳ್ಲಿ? ಮುಂದಿನ ವರ್ಷ ಹೇಳೋಣ, ಅದರ ಮುಂದಿನ ವರ್ಷ ಹೇಳೋಣ. ಅಷ್ಟರಲ್ಲಿ ಗೋಡೆ ತುಂಬಿಹೋಯ್ತು. ನಾನು ಮಾಡೋದೇನು, ಕುರ್ಚಿ ಸರಿಸ್ತಿದ್ದೆ." ಲೋಟ ಒರೆಸಿದರು. "ಈ ಸಲ ಸದ್ದು ಕೇಳಿದ ಕೂಡ್ಲೇ ಗೊತ್ತಾಯ್ತು. ಪಿನ್ನು ತೆಗೆದು ಸರಿಮಾಡಿದ್ರಿ, ಅಲ್ವಾ?"

ಅವನು ಯೋಚಿಸಿದ. ಅತ್ತೆ ಎರಡು ಲೋಟ ತೊಳೆದು ಬೋರಲು ಹಾಕುವವರೆಗೂ ಯೋಚಿಸಿದ.

"ಅದು ಇದಲ್ಲ ಅತ್ತೆ" ಎಂದ.

ಅತ್ತೆ ನಿಧಾನವಾಗಿ ತಿರುಗಿದರು. ಹಾಲಿನಲ್ಲಿದ್ದ ಕ್ಯಾಮೆರಾವನ್ನು ನೋಡಿದರು. ಅಳಿಯನ ಮುಖ ನೋಡಿದರು. ಅವನ ಕೈಬೆರಳುಗಳನ್ನು ನೋಡಿದರು.

"ಕೊಯ್ದುಬಿಟ್ರಾ?"

ಅವನು ಹೌದೆಂದು ತಲೆ ಆಡಿಸಿದ. ಅತ್ತೆ ಒರೆಸುವ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಗೋಡೆ ಹಿಡಿದು ನಿಂತರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ಅವನು ಗಾಬರಿಯಾದ. ಕಣ್ಣಲ್ಲಿ ನೀರೂ ಇತ್ತು, ಆದರೆ ಅದು ಬೇರೆ ನೀರು.

"ಪಿನ್ನು?" ಎಂದರು, ಮಾತು ಬಂದ ಮೇಲೆ.

"ಅದರಲ್ಲೇ ಇದೆ. ಕಾಣುತ್ತೆ."

"ಅಯ್ಯೋ, ತೆಗೆದು ಬಿಸಾಕಿ!"

"ಆಗಲ್ಲ ಅತ್ತೆ. ಅದೀಗ ಕಾಲೇಜಿನ ಆಸ್ತಿ."

ಅಂದಿನಿಂದ ಮಾವ ಬದಲಾದರು. ಬೆಳಿಗ್ಗೆ ಎದ್ದು ಮೈದಾನದಲ್ಲಿ ಓಡಲು ಶುರುಮಾಡಿದರು. ಎದುರು ಸಿಕ್ಕವರಿಗೆಲ್ಲ, "ಕಾಲು ಅನ್ನೋದು ವಾಪಸ್ ಬರುತ್ತೆ ಕಣ್ರೀ, ನಾವು ಕಾಯ್ಬೇಕು ಅಷ್ಟೆ" ಎನ್ನುತ್ತಿದ್ದರು. ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುತ್ತಿದ್ದರು. ಅಳಿಯ ಬಂದರೆ ಕ್ಯಾಮೆರಾ ಒಳಕೋಣೆಗೆ ಹೋಗುತ್ತಿರಲಿಲ್ಲ. 'ಕಟುಕ' ಎನ್ನುವ ಮಾತೂ ನಿಂತಿತ್ತು. ಒಮ್ಮೆಯಂತೂ ಯಾರದೋ ಮುಂದೆ, "ನಮ್ಮ ಅಳಿಯಂದ್ರ ಕೈ ಒಳ್ಳೇದು, ಮುಟ್ಟಿದ್ದು ಮುಟ್ಟಿದ ಹಾಗೇ ಗೊತ್ತಾಗಲ್ಲ" ಎಂದರು. ಅವನು ಎದ್ದು ಹೊರಗೆ ಹೋಗಿ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದ.

ಕಾಲೇಜಿನಲ್ಲಿ ಪ್ರದರ್ಶನದ ಕೋಣೆ ತೆರೆದ ದಿನ ಮಾವ ತಾವೇ ಹೊರಟರು. ಬೇಡವೆನ್ನಲು ಯಾರಿಗೂ ಕಾರಣ ಹೊಳೆಯಲಿಲ್ಲ. ಅಲ್ಲಿಯ ಮೆಟ್ಟಿಲುಗಳನ್ನೂ ಎರಡೆರಡಾಗಿ ಹತ್ತಿ, ಎಲ್ಲರಿಗಿಂತ ಮುಂಚೆ ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದರು.

"ಅರೆ, ಇದು ನನ್ನದರ ಹಾಗೇ ಇದೆಯಲ್ಲ!" ಎಂದರು. ಮೂಗು ಗಾಜಿಗೆ ತಾಗಿತು. ಹಳದಿ ದಾರಿ, ಕೆಂಪು ಪರದೆ, ನೀಲಿ ಹಾದಿ ಎಲ್ಲವನ್ನೂ ನೋಡಿ ಹೌದೆಂಬಂತೆ ತಲೆದೂಗಿದರು. ಆಮೇಲೆ ಅವರ ಕಣ್ಣು ಬಣ್ಣವಿಲ್ಲದ ಒಂದು ಕಡೆ ನಿಂತಿತು. "ಇದೇನಿದು? ನೋಡೇ ಇಲ್ಲಿ, ಹೇರ್‌ಪಿನ್! ಕ್ಯಾಮೆರಾದಲ್ಲಿ ಹೇರ್‌ಪಿನ್!"

ಅತ್ತೆ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಆಸಕ್ತಿಯಿಂದ ನೋಡತೊಡಗಿದರು.

"ಅದೇ ಸಾರ್ ಇದರ ವಿಶೇಷ" ಎಂದು ಮುಂದೆ ಬಂದರು ಲೆಕ್ಚರರ್. ಅವರಿಗೆ ಆ ಕ್ಯಾಮೆರಾದ ಮೇಲೆ ಬಹಳ ಪ್ರೀತಿ ಹುಟ್ಟಿತ್ತು. "ಯಾರೋ ಮನೇಲೇ ರಿಪೇರಿ ಮಾಡಿದ್ದಾರೆ. ಹಿಡಿತ ಸಾಲದು. ಟೈಮರ್ ಹೊತ್ತಿಗೆ ಮುಂಚೆನೇ ಓಡಿಬಿಡುತ್ತೆ. ಇದರಲ್ಲಿ ಫೋಟೋ ತೆಗೆದವನು ಎಷ್ಟು ಜೋರಾಗಿ ಓಡಿದ್ರೂ ತನ್ನ ಜಾಗ ಮುಟ್ಟಿರೋಕೆ ಸಾಧ್ಯವಿಲ್ಲ."

ಮಾವ ನಗುತ್ತಿದ್ದವರು ನಿಲ್ಲಿಸಿದರು. ಗಾಜಿನ ಮೇಲೆ ಕೈಯೂರಿ ಮತ್ತೊಮ್ಮೆ ಒಳಗೆ ನೋಡಿದರು. ಜೇಬಿನಲ್ಲಿದ್ದ ಅವನ ಕೈ ಬಾತುಕೋಳಿಯ ತುಂಡನ್ನು ಹಿಡಿದುಕೊಂಡಿತು. ಹಳೆಯ ಓಟಗಳೆಲ್ಲ ಸುಳ್ಳು ಸೋಲುಗಳೆಂದು ತಿಳಿಸುವುದು ಈಗಲೇ ಆಗಬೇಕು, ಇದೇ ಹೊತ್ತು. ಆದರೆ ಅದನ್ನು ತಿಳಿಸಿದರೆ, ಮರಳಿ ಬಂದ ಕಾಲು? ಎರಡೆರಡು ಮೆಟ್ಟಿಲು?

"ಪಾಪ" ಎಂದರು ಮಾವ, ಬಹಳ ಹೊತ್ತಿನ ಮೇಲೆ. "ತನ್ನ ಕಾಲೇ ಸರಿ ಇಲ್ಲ ಅಂದ್ಕೊಂಡಿರ್ತಾನೆ, ಆ ಮನುಷ್ಯ. ಯಾರಾದ್ರೂ ಅವನಿಗೆ ಹೇಳ್ಬೇಕಿತ್ತು." ಅಳಿಯನ ಕಡೆ ತಿರುಗಿದರು. "ಯಾರು ಅಂತ ಗೊತ್ತಾ ನಿಮಗೆ?"

ಅವನು ಗಂಟಲು ಸರಿಮಾಡಿಕೊಂಡ.

"ಅವರಿಗೆ ಹೇಗೆ ಗೊತ್ತಿರುತ್ತೆ, ಎಷ್ಟೋ ಬರ್ತವೆ, ಎಷ್ಟೋ ಹೋಗ್ತವೆ" ಎಂದರು ಅತ್ತೆ, ಫ್ಯಾನಿನಿಂದ ಕಣ್ಣು ತೆಗೆಯದೆ. "ನಡೀರಿ, ಹೊತ್ತಾಯ್ತು."

ಮಾವ ಹೊರಟರು. ಬಾಗಿಲ ಬಳಿ ನಿಂತು, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಮೆಟ್ಟಿಲುಗಳನ್ನು ಓಡಿಯೇ ಇಳಿದರು.

ಆ ಮನುಷ್ಯ ನೀವೇ ಎಂದು ಅವನು ಮಾವನಿಗೆ ಯಾವತ್ತೂ ಹೇಳಲಿಲ್ಲ.